ವಾರ ನಿಂತ ದೋಣಿಯಲ್ಲಿ ಬ್ಯಾಟರಿ ಇಳಿಯುತ್ತಿದೆ: ರೆಗ್ಯುಲೇಟರ್ ಬದಲಿಸಬೇಕೆ?

ಪ್ರಶ್ನೆ (ಹೊನ್ನಾವರ)

ಎಲ್ಲರಿಗೂ ನಮಸ್ಕಾರ. ಶರಾವತಿ ಅಳಿವೆಯಲ್ಲಿ ಕಟ್ಟಿರುವ ನಮ್ಮ ಫೈಬರ್ ದೋಣಿಗೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಇದೆ. ಭಾನುವಾರಗಳಂದು ಮನೆಯವರೊಡನೆ ಹಿನ್ನೀರಿನಲ್ಲಿ ಒಂದೆರಡು ಗಂಟೆ ಸುತ್ತಿ ಬರುವುದಷ್ಟೇ ಅದರ ಕೆಲಸ. 12 ವೋಲ್ಟ್, 80 ಆಂಪಿಯರ್-ಅವರ್ ಬ್ಯಾಟರಿಯನ್ನು ಈ ಹಂಗಾಮಿನಲ್ಲೇ ಹೊಸದಾಗಿ ಹಾಕಿಸಿದ್ದೇನೆ. ಮೇನ್ ಸ್ವಿಚ್ ಆಫ್ ಮಾಡಿಯೇ ಹೋಗಿದ್ದರೂ ಮುಂದಿನ ವಾರ ಬಂದು ನೋಡಿದರೆ 11.9 ವೋಲ್ಟ್ ತೋರಿಸುತ್ತದೆ. ಕೀ ತಿರುಗಿಸಿದರೆ ಸ್ಟಾರ್ಟರ್ 'ಟಕ್' ಎಂದು ಸುಮ್ಮನಾಗುತ್ತದೆ. ಜಂಪ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿ ಟರ್ಮಿನಲ್‌ನಲ್ಲಿ ಐಡಲ್ ವೇಗಕ್ಕೆ 12.6, 3,000 ಆರ್‌ಪಿಎಂಗೆ 13.1 ವೋಲ್ಟ್ ಬರುತ್ತದೆ. ಮೆಕ್ಯಾನಿಕ್ ಒಬ್ಬರು ರೆಗ್ಯುಲೇಟರ್ (ಎಂಜಿನ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಭಾಗ) ಹೋಗಿದೆ ಎನ್ನುತ್ತಿದ್ದಾರೆ. ಆ ಬಿಡಿಭಾಗದ ಬೆಲೆ ಕೇಳಿದ ಮೇಲೆ ನಿಮ್ಮೆಲ್ಲರ ಅಭಿಪ್ರಾಯ ತಿಳಿಯೋಣವೆನಿಸಿತು.

ಉತ್ತರ 1 (ಮಲ್ಪೆ, ದೋಣಿಗಳ ವಯರಿಂಗ್ ಕೆಲಸ)

ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ಪೂರ್ತಿ ಇಳಿದ ಬ್ಯಾಟರಿಗೆ ಸಣ್ಣ ಎಂಜಿನ್ ಚಾರ್ಜ್ ಕೊಡುವಾಗ ಮೊದಮೊದಲು ವೋಲ್ಟೇಜ್ 13ರ ಆಸುಪಾಸಿನಲ್ಲೇ ನಿಲ್ಲುವುದು ಸಹಜ; ಬ್ಯಾಟರಿ ತುಂಬುತ್ತ ಬಂದಂತೆ ಅದು 14ರ ಕಡೆಗೆ ಏರಬೇಕು. ಆದ್ದರಿಂದ ನೀವು ಕೊಟ್ಟಿರುವ ಅಂಕಿಗಳಿಂದ ರೆಗ್ಯುಲೇಟರ್ ಕೆಟ್ಟಿದೆಯೆಂದು ಹೇಳಲಾಗದು. ಹೊರಗಿನ ಚಾರ್ಜರ್‌ನಿಂದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಕೆಲವು ಗಂಟೆ ಬಿಟ್ಟು 12.6ಕ್ಕಿಂತ ಮೇಲಿದೆಯೇ ಎಂದು ನೋಡಿಕೊಂಡು, ಆಮೇಲೆ ಎಂಜಿನ್ ಓಡಿಸಿ ಅಳೆದರೆ ಮಾತ್ರ ಆ ಅಳತೆಗೆ ಅರ್ಥವಿದೆ.

ನನಗೆ ಇಲ್ಲಿ ಕಾಣುತ್ತಿರುವುದು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು, ನಿಂತಾಗ ಕರೆಂಟ್ ಸೋರುವುದು. ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ, ಬಿಚ್ಚಿದ ಕೇಬಲ್ ಮತ್ತು ಟರ್ಮಿನಲ್ ನಡುವೆ ಹಿಡಿಯಿರಿ. ಮೀಟರ್ ಹಾಗೆ ಇರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ. ಎರಡನೆಯದು, ಕೇಬಲ್ ಹಾದಿಯಲ್ಲಿ ಎಲ್ಲೋ ತಡೆ ಇರುವುದು. ಕೇಬಲ್ ಮತ್ತೆ ಜೋಡಿಸಿ, ಮೀಟರನ್ನು ವೋಲ್ಟ್ ರೇಂಜಿಗೆ ಬದಲಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಕೀ ತಿರುಗಿಸಿಸಿ. ಸ್ಟಾರ್ಟರ್ ಎಳೆಯುವಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ನೆಗೆಟಿವ್ ಹಾದಿಯಲ್ಲೇ ದೋಷವಿದೆ. ಪಾಸಿಟಿವ್ ಕಡೆಯಲ್ಲೂ, ಸ್ವಿಚ್ಚನ್ನು ಸೇರಿಸಿ, ಹೀಗೆಯೇ ಅಳೆಯಿರಿ.

ಉತ್ತರ 2 (ಕಾರವಾರ)

ಮೇಲಿನವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಕಾಲು ಆಂಪಿಯರ್ ಸೋರಿದರೂ ದಿನಕ್ಕೆ 6, ವಾರಕ್ಕೆ 42 ಆಂಪಿಯರ್-ಅವರ್ ಹೋಯಿತು. ಅಂದರೆ ನಿಮ್ಮ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಎಂಜಿನ್ನಿನ ಪುಸ್ತಕದಲ್ಲಿ ಬರೆದಿರುವ ಚಾರ್ಜಿಂಗ್ ಸಾಮರ್ಥ್ಯ ಹೆಚ್ಚಿನ ವೇಗದ್ದು, ಐಡಲ್‌ನಲ್ಲಿ ಅದರ ಒಂದು ಪಾಲಷ್ಟೇ ಸಿಗುತ್ತದೆ. ಸರಾಸರಿ 8 ಆಂಪಿಯರ್ ಸಿಕ್ಕಿತೆಂದುಕೊಂಡರೂ 42 ತುಂಬಲು ಐದು ಗಂಟೆ ದಾಟುತ್ತದೆ, ಮೇಲಾಗಿ ಲೆಡ್-ಆಸಿಡ್ ಬ್ಯಾಟರಿ ಕೊನೆಯ ಐದನೇ ಒಂದು ಭಾಗವನ್ನು ಬಹಳ ನಿಧಾನವಾಗಿ ಕುಡಿಯುತ್ತದೆ. ಭಾನುವಾರದ ಒಂದೆರಡು ಗಂಟೆಯ ಓಡಾಟದಲ್ಲಿ ಇದು ಆಗುವ ಮಾತಲ್ಲ. ಅರೆಬರೆ ಚಾರ್ಜ್‌ನಲ್ಲೇ ವಾರಗಟ್ಟಲೆ ಉಳಿದರೆ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ, ಹೊಸ ಬ್ಯಾಟರಿಯೂ ಬೇಗನೆ ಹಳತಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಸ್ವಿಚ್ ಆಫ್ ಇದ್ದಾಗಲೂ 0.27 ಆಂಪಿಯರ್ ಹರಿಯುತ್ತಿತ್ತು. ಬಿಲ್ಜ್ ಪಂಪಿಗೆ (ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು) ಫ್ಲೋಟ್ ಸ್ವಿಚ್ ಇದೆ; ನೀರೇರಿದರೆ ಪಂಪನ್ನು ತಾನೇ ಚಾಲೂ ಮಾಡುವ ಅದು ಬ್ಯಾಟರಿಯಿಂದ ನೇರವಾಗಿದೆ. ಅದರ ಫ್ಯೂಸ್ ತೆಗೆದ ಕೂಡಲೇ ಸೋರಿಕೆ ಸೊನ್ನೆಯಾಯಿತು. ಆ ವಯರಿನ ಜೋಡಣೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡು ಬಿಲ್ಜಿನ ಉಪ್ಪುನೀರಿನಲ್ಲೇ ಮುಳುಗಿತ್ತು. ಇನ್ನು ಸ್ಟಾರ್ಟ್ ಮಾಡುವಾಗ ನೆಗೆಟಿವ್ ಕಡೆ 1.9 ವೋಲ್ಟ್ ಬಂತು. ಎಂಜಿನ್ ಕಡೆಯ ಲಗ್ (ಕೇಬಲ್ ತುದಿಗೆ ಒತ್ತಿದ ಲೋಹದ ಕಿವಿ) ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕತ್ತರಿಸಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪುಗಟ್ಟಿ, ಉಜ್ಜಿದಾಗ ಹಸಿರು ಪುಡಿ ಉದುರಿತು. ಒಂದು ಸಂಶಯ: ಎಂಜಿನ್ ಓಡುವಾಗ ಅಳೆದರೆ ಇದೇ ಕೇಬಲ್ಲಿನಲ್ಲಿ 0.2 ವೋಲ್ಟ್ ಮಾತ್ರ ಕಂಡಿತು, ಯಾಕೆ? ಹಾಗೆಯೇ, ಫ್ಲೋಟ್ ಸ್ವಿಚ್ಚನ್ನು ಮೇನ್ ಸ್ವಿಚ್ಚಿನ ಮೂಲಕವೇ ಕೊಟ್ಟುಬಿಟ್ಟರೆ ಒಳ್ಳೆಯದಲ್ಲವೆ?

ಉತ್ತರ 1 ಬರೆದವರಿಂದ

ತಡೆ ಅದೇ, ಹರಿಯುವ ಕರೆಂಟ್ ಬೇರೆ. ಚಾರ್ಜ್ ಆಗುವಾಗ ಸುಮಾರು 10 ಆಂಪಿಯರ್ ಹರಿದರೆ ಸ್ಟಾರ್ಟರ್ 100ರ ಹತ್ತಿರ ಎಳೆಯುತ್ತದೆ, ನಷ್ಟವೂ ಹತ್ತು ಪಟ್ಟಾಗುತ್ತದೆ. ಕೇಬಲ್ ಪರೀಕ್ಷೆಯನ್ನು ಸ್ಟಾರ್ಟ್ ಮಾಡುವಾಗಲೇ ಮಾಡಬೇಕೆನ್ನುವುದು ಇದಕ್ಕೇ. ಕಪ್ಪಾದ ಭಾಗವನ್ನು ಎಷ್ಟು ದೂರ ಹೋಗಿದೆಯೋ ಅಷ್ಟೂ ಕತ್ತರಿಸಿ ತೆಗೆಯಿರಿ. ಉದ್ದ ಸಾಲದಿದ್ದರೆ ತವರ ಲೇಪಿತ ತಾಮ್ರದ ಹೊಸ ಕೇಬಲ್ಲನ್ನೇ ಹಾಕಿಸಿ. ಕಾರಿನ ಕೇಬಲ್ ಅಗ್ಗವೇನೋ ಹೌದು, ಆದರೆ ಉಪ್ಪುಗಾಳಿಗೆ ಅದು ತಾಳುವುದಿಲ್ಲ. ಲಗ್ಗನ್ನು ಸರಿಯಾದ ಪ್ರೆಸ್‌ನಿಂದ ಒತ್ತಿಸಿ, ಒಳಬದಿಗೆ ಅಂಟು ಸವರಿರುವ ಹೀಟ್-ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ) ಟ್ಯೂಬಿನಿಂದ ಮುಚ್ಚಿ.

ಫ್ಲೋಟ್ ಸ್ವಿಚ್ಚನ್ನು ಮಾತ್ರ ಮೇನ್ ಸ್ವಿಚ್ಚಿನ ಮೂಲಕ ಕೊಡಬೇಡಿ. ನೀವಿಲ್ಲದಾಗ ಜೋರು ಮಳೆ ಬಂದರೆ ನೀರು ಹೊರಹಾಕಲು ಇರುವುದು ಅದೊಂದೇ. ಅದು ಬ್ಯಾಟರಿಯಿಂದ ನೇರವಾಗಿಯೇ ಇರಲಿ, ಬ್ಯಾಟರಿಯ ಪಕ್ಕದಲ್ಲಿ ಪಂಪ್ ತಯಾರಕರು ಹೇಳಿದ ಫ್ಯೂಸ್ ಇರಲಿ, ಜೋಡಣೆಯನ್ನು ಮಾತ್ರ ನೀರು ತಲುಪದ ಎತ್ತರಕ್ಕೆ ಏರಿಸಿ. ದಕ್ಕೆಯಲ್ಲಿ ಕರೆಂಟ್ ಇಲ್ಲದಿದ್ದರೆ 20 ವಾಟಿನ ಸೋಲಾರ್ ಪ್ಯಾನೆಲ್ಲನ್ನು ಕಂಟ್ರೋಲರ್ ಸಮೇತ ಹಾಕಿಸಿ. ಒಳ್ಳೆಯ ಬಿಸಿಲಿದ್ದ ದಿನ 4-5 ಆಂಪಿಯರ್-ಅವರ್ ಸಿಗುತ್ತದೆ, ನಿಂತ ದೋಣಿಗೆ ಅಷ್ಟು ಸಾಕು. ಎಂಜಿನ್ ಓಡುತ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಬೇಡಿ. ಚೆನ್ನಾಗಿರುವ ರೆಗ್ಯುಲೇಟರ್ ಕೂಡ ಹಾಗೆ ಮಾಡಿದರೆ ನಿಜವಾಗಿಯೂ ಸುಟ್ಟುಹೋಗಬಹುದು.