ಅಪ್‌ಡೇಟ್: ವಿದೇಶಕ್ಕೆ ಕರೆಂಟಿನ ಸಾಮಾನು ಒಯ್ಯಬೇಕಾ ಅಂತ ಕೇಳಿದ್ದೆ

ಬಂದು ಎರಡು ವಾರವಾಯ್ತು. ಮೊದಲಿದ್ದಲ್ಲಿ 230 ವೋಲ್ಟ್, 50 ಹರ್ಟ್ಸ್ (ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಆಗುವುದು). ಇಲ್ಲಿ 120 ವೋಲ್ಟ್, 60 ಹರ್ಟ್ಸ್.

"ಒಂದೊಂದರ ಲೇಬಲ್ ಓದಿ ನೋಡಿ" ಅಂದವರ ಮಾತೇ ಕೈಹಿಡಿಯಿತು, ತುಂಬಾ ಥ್ಯಾಂಕ್ಸ್. ಲ್ಯಾಪ್‌ಟಾಪ್ ಚಾರ್ಜರಿನ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಅಂತಿತ್ತು. ಮೊಬೈಲಿನದೂ ಹಾಗೇ. ಅಂದರೆ ಎರಡೂ ಕಡೆಯ ಕರೆಂಟಿಗೂ ಇವು ಒಗ್ಗುತ್ತವೆ, ಪಿನ್ ಹೊಂದಿಸುವ ಅಡಾಪ್ಟರ್ ಸಾಕು.

ಇಸ್ತ್ರಿಪೆಟ್ಟಿಗೆಗೂ ಅಡಾಪ್ಟರ್ ಸಾಕು ಅಂದಿದ್ದರು. ಅದು ಮಾತ್ರ ಆಗಲಿಲ್ಲ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. ವೋಲ್ಟೇಜ್ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. 1000 ವ್ಯಾಟಿನ ಪೆಟ್ಟಿಗೆ ಇಲ್ಲಿ ಕೊಡುವುದು ಸುಮಾರು 270 ವ್ಯಾಟ್. ಹತ್ತು ನಿಮಿಷ ಕಾಯಿಸಿದರೂ ಕಾಲರಿನ ಸುಕ್ಕು ಹೋಗಲಿಲ್ಲ. ಇಲ್ಲಿನದನ್ನೇ ಕೊಂಡೆ.

ಮಿಕ್ಸಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಹೇಳಿದ್ದಿರಿ. ಅದರ ತೂಕ ನೋಡಿ ಮಿಕ್ಸಿಯನ್ನೇ ಬಿಟ್ಟು ಬಂದೆ, ಒಳ್ಳೆಯದಾಯ್ತು.

ನನಗೆ ಗೊತ್ತೇ ಇರದಿದ್ದ ಸಂಗತಿ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆ, ಹರ್ಟ್ಸ್ ಹಾಗೇ ಉಳಿಯುತ್ತದೆ. ಕರೆಂಟಿನ ಹರ್ಟ್ಸ್ ನೋಡಿಕೊಂಡು ಓಡುವ ಹಳೇ ಮೋಟಾರ್ ಗಡಿಯಾರ 60 ಹರ್ಟ್ಸಿನಲ್ಲಿ ಗಂಟೆಗೆ 12 ನಿಮಿಷ ಮುಂದೆ ಹೋಗುತ್ತದೆ. ಅಂಥದ್ದಿದ್ದರೆ ಪ್ಯಾಕ್ ಮಾಡಬೇಡಿ.