ಬ್ಲಾಕ್ ಥೀಮಿನಲ್ಲಿ ‘ಮೆನೂಸ್’ ಪರದೆಯೇ ಇಲ್ಲ: ಎರಡನೇ ಮೆನು ಸೇರಿಸಲು ಯಾವ ಪ್ಲಗಿನ್?

ಪ್ರಶ್ನೆ

ವರ್ಡ್‌ಪ್ರೆಸ್ 6.5, ಥೀಮ್ ಟ್ವೆಂಟಿ ಟ್ವೆಂಟಿ-ಫೋರ್. ಹೆಡರಿನಲ್ಲಿ ಈಗಿರುವ ಮೆನುವಿನ ಕೆಳಗೆ ವಿಷಯವಾರು ಇನ್ನೊಂದು ಮೆನು ಬೇಕು. ಆರು ವಿಭಾಗ, ಒಂದೊಂದರ ಕೆಳಗೆ ನಾಲ್ಕೈದು ಉಪವಿಭಾಗ, ಕೊನೆಯಲ್ಲಿ ಲಾಗಿನ್ ಆದವರಿಗೆ ಮಾತ್ರ ಕಾಣುವ ಎರಡು ಕೊಂಡಿ. ಹೆಸರುಗಳೆಲ್ಲ ಕನ್ನಡದಲ್ಲೇ.

ಎಲ್ಲಿ ಹುಡುಕಿದರೂ ‘ಅಪಿಯರೆನ್ಸ್ ಒಳಗೆ ಮೆನೂಸ್‌ಗೆ ಹೋಗಿ’ ಅಂತಲೇ ಬರೆದಿರುತ್ತಾರೆ. ಈ ಡ್ಯಾಶ್‌ಬೋರ್ಡಿನಲ್ಲಿ ಆ ಸಾಲೇ ಇಲ್ಲ. ಹಳೆಯ ಥೀಮಿನ ಜೊತೆ ಒಂದು ಮೆಗಾ ಮೆನು ಪ್ಲಗಿನ್ ಇತ್ತು. ಮೊಬೈಲಿನಲ್ಲಿ ಎರಡೆರಡು ಮೂರುಗೆರೆ ಬಟನ್ ಬರುತ್ತಿದ್ದವು, ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತಿತ್ತು. ಮೆನು ಪರದೆಯನ್ನು ಮರಳಿ ತರುವುದು ಹೇಗೆ? ಇಷ್ಟು ಕೆಲಸಕ್ಕೆ ಅಷ್ಟು ದೊಡ್ಡ ಪ್ಲಗಿನ್ ಬೇಕೇ?

ಉತ್ತರ 1

ಪರದೆ ಹೋಗಿಲ್ಲ, ಅಡಗಿದೆ ಅಷ್ಟೇ. 2010ರಲ್ಲಿ 3.0 ಆವೃತ್ತಿಯೊಂದಿಗೆ ಮೆನು ಪರದೆ ಬಂತು. ಥೀಮ್ ‘ನನಗೆ ಮೆನು ಬೇಕು’ ಅಥವಾ ‘ವಿಜೆಟ್ ಬೇಕು’ ಎಂದು ಹೇಳಿಕೊಂಡರೆ ಮಾತ್ರ ಆ ಸಾಲು ಕಾಣುತ್ತದೆ. ಬ್ಲಾಕ್ ಥೀಮುಗಳು (ಹೆಡರ್, ಫೂಟರ್ ಎಲ್ಲವನ್ನೂ ಬ್ಲಾಕುಗಳಿಂದಲೇ ಕಟ್ಟುವಂಥವು) ಸಾಮಾನ್ಯವಾಗಿ ಹಾಗೆ ಹೇಳಿಕೊಳ್ಳುವುದಿಲ್ಲ, ಅವು ನ್ಯಾವಿಗೇಷನ್ ಬ್ಲಾಕಿನಿಂದ ಕೆಲಸ ನಡೆಸುತ್ತವೆ. ಆದರೆ ಆ ಮಾತನ್ನು ಥೀಮೇ ಹೇಳಬೇಕೆಂದೇನೂ ಇಲ್ಲ, ಪ್ಲಗಿನ್ ಹೇಳಿದರೂ ನಡೆಯುತ್ತದೆ. ಹದಿನೈದು ಸಾಲಿನ ನಿಮ್ಮದೇ ಪ್ಲಗಿನ್ ಸಾಕು.

ಡಬ್ಲ್ಯುಪಿ-ಕಂಟೆಂಟ್ ಒಳಗಿನ ಪ್ಲಗಿನ್ಸ್ ಫೋಲ್ಡರಿನಲ್ಲಿ ಹೊಸ ಫೋಲ್ಡರ್ ಮಾಡಿ, ಅದರೊಳಗೆ ಅದೇ ಹೆಸರಿನ ಒಂದು ಪಿಎಚ್‌ಪಿ ಕಡತ ಇಡಿ. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಲಿ. ಕಡತದ ತಲೆಯಲ್ಲಿ, ಕಾಮೆಂಟಿನೊಳಗೆ ‘ಪ್ಲಗಿನ್ ನೇಮ್’ ಎಂಬ ಸಾಲು ಇರಲೇಬೇಕು. ಅದೊಂದಿಲ್ಲದಿದ್ದರೆ ಪ್ಲಗಿನ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆಮೇಲೆ ಎರಡು ಕೆಲಸ. ಒಂದು, ‘ಆಫ್ಟರ್ ಸೆಟಪ್ ಥೀಮ್’ ಹುಕ್ಕಿನಲ್ಲಿ (ನಮ್ಮ ಕೋಡನ್ನು ಸಿಕ್ಕಿಸಲು ವರ್ಡ್‌ಪ್ರೆಸ್ ಬಿಟ್ಟಿರುವ ಜಾಗ) ‘ರಿಜಿಸ್ಟರ್ ನ್ಯಾವ್ ಮೆನೂಸ್’ ಕರೆದು ‘ಟಾಪಿಕ್ಸ್’ ಎಂಬ ಕೀ ಹಾಗೂ ‘ವಿಷಯ ಮೆನು’ ಎಂಬ ಹೆಸರು ಕೊಡಿ. ಇಷ್ಟಾದರೆ ಅಪಿಯರೆನ್ಸ್ ಕೆಳಗೆ ಮೆನೂಸ್ ಸಾಲು ಮೂಡುತ್ತದೆ. ಎರಡು, ಒಂದು ಶಾರ್ಟ್‌ಕೋಡ್ (ಚೌಕ ಆವರಣದಲ್ಲಿ ಬರೆದ ಕಡೆ ನಿಮ್ಮ ಕೋಡಿನ ಫಲ ಮೂಡಿಸುವ ಪದ) ಮಾಡಿ ಅದರೊಳಗೆ ‘ಡಬ್ಲ್ಯುಪಿ ನ್ಯಾವ್ ಮೆನು’ ಕರೆಯಿರಿ: ಥೀಮ್ ಲೊಕೇಷನ್ ‘ಟಾಪಿಕ್ಸ್’, ಡೆಪ್ತ್ 2, ಕಂಟೇನರ್ ‘ನ್ಯಾವ್’, ಫಾಲ್‌ಬ್ಯಾಕ್ ಸಿಬಿ ‘ಫಾಲ್ಸ್’. ಕೊನೆಯದನ್ನು ಮರೆತರೆ, ಮೆನು ಜೋಡಿಸದೇ ಇರುವ ಹೊತ್ತಿನಲ್ಲಿ ನಿಮ್ಮ ಎಲ್ಲ ಪುಟಗಳೂ ಹೆಡರಿನಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ.

ಸಕ್ರಿಯ ಮಾಡುವಾಗ ‘3 ಅಕ್ಷರಗಳ ಅನಿರೀಕ್ಷಿತ ಔಟ್‌ಪುಟ್’ ಎಂಬ ಎಚ್ಚರಿಕೆ ಬಂದರೆ ಕೋಡಿನಲ್ಲಿ ತಪ್ಪು ಹುಡುಕಬೇಡಿ. ಎಡಿಟರ್ ಆ ಕಡತವನ್ನು ಬಿಒಎಂ (ಕಡತದ ಮೊದಲಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು) ಸಮೇತ ಉಳಿಸಿದೆ, ಆ ಗುರುತು ಸರಿಯಾಗಿ ಮೂರು ಬೈಟ್. ಬಿಒಎಂ ಇಲ್ಲದ ಯುಟಿಎಫ್-8 ಆಗಿ ಮತ್ತೆ ಉಳಿಸಿ. ಕಡತದ ಕೊನೆಯಲ್ಲಿ ಪಿಎಚ್‌ಪಿ ಮುಚ್ಚುವ ಗುರುತು ಹಾಕದಿರುವುದು ಒಳ್ಳೆಯದು, ಅದರ ಆಚೆ ಉಳಿಯುವ ಖಾಲಿ ಸಾಲೂ ಇದೇ ಕಾಟ ಕೊಡುತ್ತದೆ.

ಆಮೇಲೆ ಮೆನೂಸ್ ಪರದೆಯಲ್ಲಿ ಹೊಸ ಮೆನು ಮಾಡಿ, ಎಡಗಡೆಯಿಂದ ವಿಭಾಗಗಳನ್ನು ಟಿಕ್ ಹಾಕಿ ಸೇರಿಸಿ, ಉಪವಿಭಾಗಗಳನ್ನು ಸ್ವಲ್ಪ ಬಲಕ್ಕೆ ಎಳೆದು ಬಿಡಿ. ಕೆಳಗೆ ‘ಡಿಸ್‌ಪ್ಲೇ ಲೊಕೇಷನ್’ ಎಂಬಲ್ಲಿ ‘ವಿಷಯ ಮೆನು’ವಿಗೆ ಟಿಕ್ ಹಾಕಿ ಉಳಿಸಿ. ‘ಮೆನು ಮಾಡಿದೆ, ಕಾಣುತ್ತಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಮರೆತಿರುವುದು ಈ ಟಿಕ್ಕನ್ನೇ. ಪಟ್ಟಿ ಬೇರೆ, ಪಟ್ಟಿ ಕೂರುವ ಜಾಗ ಬೇರೆ. ಪಟ್ಟಿ ಡೇಟಾಬೇಸಿನಲ್ಲಿ ಸ್ವತಂತ್ರವಾಗಿ ಇರುತ್ತದೆ, ಜಾಗದ ಜೋಡಣೆ ಆಯಾ ಥೀಮಿನ ಸೆಟ್ಟಿಂಗಿನಲ್ಲಿ ಕೂರುತ್ತದೆ. ಥೀಮ್ ಬದಲಿಸಿದಾಗ ಮೆನು ‘ಮಾಯ’ ಆಗುವುದು ಅದಕ್ಕೇ. 4.9ರಿಂದ ಈಚೆಗೆ ಜಾಗದ ಹೆಸರು ತಾಳೆಯಾದರೆ ವರ್ಡ್‌ಪ್ರೆಸ್ ತಾನೇ ಜೋಡಿಸಲು ನೋಡುತ್ತದೆ.

ಕೊನೆಗೆ ಸೈಟ್ ಎಡಿಟರಿನಲ್ಲಿ ಹೆಡರ್ ಟೆಂಪ್ಲೇಟ್ ಪಾರ್ಟ್ ತೆರೆದು, ಬೇಕಾದ ಕಡೆ ಶಾರ್ಟ್‌ಕೋಡ್ ಬ್ಲಾಕ್ ಇಟ್ಟು ನಿಮ್ಮ ಶಾರ್ಟ್‌ಕೋಡ್ ಬರೆಯಿರಿ. 2023ರಲ್ಲಿ ಬಂದ 6.2.1ರಲ್ಲಿ ಟೆಂಪ್ಲೇಟುಗಳೊಳಗೆ ಶಾರ್ಟ್‌ಕೋಡ್ ನಡೆಯುವುದನ್ನು ತೆಗೆದಿದ್ದರು, 6.2.2ರಲ್ಲಿ ಮರಳಿ ಕೊಟ್ಟರು. ನಿಮ್ಮದು 6.5 ಆದ್ದರಿಂದ ಚಿಂತೆಯಿಲ್ಲ.

ಉತ್ತರ 2

ಮೇಲಿನದು ಸರಿಯೇ, ಆದರೆ ಬ್ಲಾಕ್ ಥೀಮಿಗೆ ಹಳೆಯ ಮೆನುವನ್ನು ಹೊಲಿಯುವ ಮೊದಲು ನ್ಯಾವಿಗೇಷನ್ ಬ್ಲಾಕನ್ನೇ ಇನ್ನೊಂದು ಸಲ ನೋಡಿ ಎನ್ನುತ್ತೇನೆ. ಹೆಡರಿನಲ್ಲಿ ಎರಡನೇ ನ್ಯಾವಿಗೇಷನ್ ಬ್ಲಾಕ್ ಇಟ್ಟು, ಬಲಬದಿಯ ಪಟ್ಟಿಯಲ್ಲಿ ಹೊಸ ಮೆನು ಮಾಡಿಕೊಳ್ಳಬಹುದು. ಇದಕ್ಕೆ ಪ್ಲಗಿನ್ನೇ ಬೇಡ. ಹಳೆಯ ಥೀಮಿನಲ್ಲಿ ಮಾಡಿದ್ದ ಮೆನು ಡೇಟಾಬೇಸಿನಲ್ಲಿ ಉಳಿದಿದ್ದರೆ ಅದೇ ಪಟ್ಟಿಯ ಮೂರು ಚುಕ್ಕೆ ಒತ್ತಿ, ಆ ಹಳೆಯ ಬಗೆಯ (‘ಕ್ಲಾಸಿಕ್’) ಮೆನುವನ್ನು ಒಳಗೆ ತಂದುಕೊಳ್ಳಬಹುದು. ಒಂದು ಮಾತು: ಅದು ಒಮ್ಮೆ ಮಾಡುವ ನಕಲು. ಆಮೇಲೆ ಹಳೆಯ ಮೆನುವನ್ನು ತಿದ್ದಿದರೆ ಇಲ್ಲಿ ಬದಲಾಗುವುದಿಲ್ಲ.

ಇದರ ದೊಡ್ಡ ಲಾಭ ಉಪಮೆನುವಿನಲ್ಲಿದೆ. ಸೆಟ್ಟಿಂಗಿನಲ್ಲಿ ‘ಓಪನ್ ಆನ್ ಕ್ಲಿಕ್’ ಆರಿಸಿದರೆ ಮೇಲಿನ ಹೆಸರು ಕೊಂಡಿಯಾಗಿ ಉಳಿಯದೆ ನಿಜವಾದ ಬಟನ್ ಆಗುತ್ತದೆ. ಬೆರಳಿನಲ್ಲೂ ಕೀಬೋರ್ಡಿನಲ್ಲೂ ಒಂದೇ ರೀತಿ ತೆರೆಯುತ್ತದೆ. ಕ್ಲಾಸಿಕ್ ಮೆನುವಿನಲ್ಲಿ ಇದನ್ನು ನೀವೇ ಕಟ್ಟಬೇಕು. ಹೆಸರು ಬಟನ್ ಆದಾಗ ಅದರ ಸ್ವಂತ ಪುಟಕ್ಕೆ ಹೋಗಲು ದಾರಿ ಉಳಿಯುವುದಿಲ್ಲ, ಹಾಗಾಗಿ ‘ಎಲ್ಲ ಬರಹ’ ಎಂದು ಆ ವಿಭಾಗದ ಕೊಂಡಿಯನ್ನೇ ಉಪಮೆನುವಿನ ಮೊದಲ ಸಾಲಾಗಿ ಇಡಿ.

ಲಾಗಿನ್ ಆದವರಿಗೆ ಮಾತ್ರ ಎನ್ನುವ ಎರಡು ಕೊಂಡಿ ಕಡ್ಡಾಯವಾದರೆ ಮಾತ್ರ ಕ್ಲಾಸಿಕ್ ದಾರಿ ಸುಲಭ.

ಪ್ರಶ್ನೆ ಕೇಳಿದವರು

ಲಾಗಿನ್ ಕೊಂಡಿಗಳು ಬೇಕೇಬೇಕು, ಹಾಗಾಗಿ ಸಣ್ಣ ಪ್ಲಗಿನ್ ಬರೆದು ಹಾಕಿದೆ. ಮೆನೂಸ್ ಪರದೆ ಬಂತು. ಈಗ ಎರಡು ತೊಂದರೆ. ಶಾರ್ಟ್‌ಕೋಡನ್ನು ಲಾಂಛನದ ಕೆಳಗೆ ಇಟ್ಟರೂ ಮೆನು ಪುಟದ ತುತ್ತತುದಿಯಲ್ಲಿ, ಲಾಂಛನಕ್ಕಿಂತ ಮೇಲೆ ಬರುತ್ತಿದೆ. ಜೊತೆಗೆ ಉಪಮೆನುಗಳು ಮಡಚಿಕೊಳ್ಳದೆ ಚುಕ್ಕೆ ಹಾಕಿದ ಉದ್ದ ಪಟ್ಟಿಯಾಗಿ ಬಿಚ್ಚಿಕೊಂಡೇ ಇವೆ.

ಉತ್ತರ 1

ಮೊದಲನೆಯದು ಮೇಲೆ ಬರೆಯಬೇಕಿದ್ದು ಬಿಟ್ಟುಹೋಗಿದೆ. ‘ಡಬ್ಲ್ಯುಪಿ ನ್ಯಾವ್ ಮೆನು’ ತಾನಾಗಿಯೇ ಮೆನುವನ್ನು ಅಲ್ಲೇ ಮುದ್ರಿಸಿಬಿಡುತ್ತದೆ. ಶಾರ್ಟ್‌ಕೋಡ್ ಮುದ್ರಿಸಬಾರದು, ಹಿಂದಿರುಗಿಸಬೇಕು. ವರ್ಡ್‌ಪ್ರೆಸ್ ಟೆಂಪ್ಲೇಟನ್ನು ಇನ್ನೂ ಜೋಡಿಸುತ್ತಿರುವಾಗಲೇ ಮೆನು ಹೊರಬಿದ್ದಿತು, ಹಾಗಾಗಿ ಎಲ್ಲಕ್ಕಿಂತ ಮೇಲೆ ಕೂತಿತು. ಆರ್ಗ್ಯುಮೆಂಟುಗಳಿಗೆ ‘ಎಕೋ’ ಎಂಬುದನ್ನು ಸೇರಿಸಿ ಅದಕ್ಕೆ ‘ಫಾಲ್ಸ್’ ಕೊಡಿ, ಕರೆಯ ಮುಂದೆ ‘ರಿಟರ್ನ್’ ಇದೆಯೇ ನೋಡಿ. ಎರಡೂ ಬೇಕು. ‘ಎಕೋ’ ಮಾತ್ರ ಬದಲಿಸಿ ‘ರಿಟರ್ನ್’ ಬಿಟ್ಟರೆ ಏನೂ ಕಾಣುವುದಿಲ್ಲ.

ಅದೇ ಜಾಗದಲ್ಲಿ ‘ಕಂಟೇನರ್ ಏರಿಯಾ ಲೇಬಲ್’ ಕೂಡ ಕೊಟ್ಟುಬಿಡಿ (container_aria_label, 5.5ರಿಂದ ಇದೆ). ಒಂದೇ ಪುಟದಲ್ಲಿ ಎರಡು ನ್ಯಾವಿಗೇಷನ್ ಇದ್ದಾಗ, ಪರದೆ ಓದುವ ತಂತ್ರಾಂಶ ಬಳಸುವವರಿಗೆ ಯಾವುದು ಯಾವುದೆಂದು ತಿಳಿಯುವುದು ಆ ಹೆಸರಿನಿಂದಲೇ.

ಎರಡನೆಯದಕ್ಕೆ ಕಾರಣ, ನಿಮ್ಮ ಥೀಮಿನಲ್ಲಿ ಕ್ಲಾಸಿಕ್ ಮೆನುವಿಗೆಂದು ಸಿಎಸ್‌ಎಸ್ ಇಲ್ಲ. ವರ್ಡ್‌ಪ್ರೆಸ್ ಕೊಡುವುದು ಬರೀ ಪಟ್ಟಿ. ಮಡಚುವುದು, ಇಳಿಬೀಳುವುದು ಎಲ್ಲ ಥೀಮಿನ ಕೆಲಸ. ಸೈಟ್ ಎಡಿಟರಿನ ಸ್ಟೈಲ್ಸ್ ಒಳಗೆ ‘ಅಡಿಷನಲ್ ಸಿಎಸ್‌ಎಸ್’ ತೆರೆದು ಇಷ್ಟು ಬರೆಯಿರಿ: ಹೊರ ಪಟ್ಟಿಗೆ ಡಿಸ್‌ಪ್ಲೇ ಫ್ಲೆಕ್ಸ್, ಫ್ಲೆಕ್ಸ್-ವ್ರ್ಯಾಪ್, ಚುಕ್ಕೆ ಹೋಗಲು ಲಿಸ್ಟ್-ಸ್ಟೈಲ್ ನನ್. ಪ್ರತಿ ಸಾಲಿಗೆ ಪೊಸಿಷನ್ ರಿಲೇಟಿವ್. ‘ಸಬ್-ಮೆನು’ ಕ್ಲಾಸಿಗೆ ಪೊಸಿಷನ್ ಅಬ್ಸಲ್ಯೂಟ್, ಡಿಸ್‌ಪ್ಲೇ ನನ್, ಹಿನ್ನೆಲೆ ಬಣ್ಣ, ಝಡ್-ಇಂಡೆಕ್ಸ್ 100. ಸಾಲಿನ ಮೇಲೆ ಹೋವರ್ ಆದಾಗ ಅಥವಾ ‘ಫೋಕಸ್-ವಿದಿನ್’ ಆದಾಗ ಅದರೊಳಗಿನ ಸಬ್-ಮೆನುವಿಗೆ ಡಿಸ್‌ಪ್ಲೇ ಬ್ಲಾಕ್. ಹೋವರ್ ಒಂದನ್ನೇ ಬರೆದು ನಿಲ್ಲಿಸಬೇಡಿ, ಟ್ಯಾಬ್ ಕೀ ಒತ್ತುತ್ತ ಬರುವವರಿಗೆ ಉಪಮೆನು ತೆರೆಯುವುದೇ ಇಲ್ಲ. ಉಪಮೆನು ಮತ್ತು ಮೇಲಿನ ಹೆಸರಿನ ನಡುವೆ ಮಾರ್ಜಿನ್ ಕೂಡ ಇಡಬೇಡಿ. ಮೌಸ್ ಆ ಸಂದಿ ದಾಟುವಷ್ಟರಲ್ಲಿ ಹೋವರ್ ತಪ್ಪಿ ಉಪಮೆನು ಮುಚ್ಚಿಕೊಳ್ಳುತ್ತದೆ. ಅಂತರ ಬೇಕಿದ್ದರೆ ಪ್ಯಾಡಿಂಗ್ ಕೊಡಿ.

ಬರೀ ಶೀರ್ಷಿಕೆಯಂತೆ ಇರಬೇಕಾದ ಹೆಸರಿಗೆ ‘ಕಸ್ಟಮ್ ಲಿಂಕ್’ ಆರಿಸಿ ವಿಳಾಸದ ಜಾಗದಲ್ಲಿ ಹ್ಯಾಶ್ ಗುರುತು ಹಾಕುವ ರೂಢಿ ಇದೆ. ಆಮೇಲೆ ಆ ಹ್ಯಾಶನ್ನು ಅಳಿಸಬಹುದು ಎಂದು ಕೆಲವರು ಹೇಳುತ್ತಾರೆ, ಅಳಿಸಬೇಡಿ. ವಿಳಾಸವಿಲ್ಲದ ಕೊಂಡಿಗೆ ಕೀಬೋರ್ಡಿನ ಫೋಕಸ್ ಹೋಗುವುದಿಲ್ಲ, ಫೋಕಸ್ ಹೋಗದಿದ್ದರೆ ಮೇಲಿನ ಸಿಎಸ್‌ಎಸ್ ಉಪಮೆನುವನ್ನು ತೆರೆಯುವುದಿಲ್ಲ.

ಉತ್ತರ 3

ಲಾಗಿನ್ ಕೊಂಡಿಗಳಿಗೆ ‘ನ್ಯಾವ್ ಮೆನು ರೋಲ್ಸ್’ ಪ್ಲಗಿನ್ ಚೆನ್ನಾಗಿದೆ, ಹಗುರ. ಹಾಕಿದ ಮೇಲೆ ಮೆನೂಸ್ ಪರದೆಯಲ್ಲಿ ಪ್ರತಿ ಸಾಲಿನ ಬಾಣ ಒತ್ತಿದರೆ ಎಲ್ಲರಿಗೂ, ಲಾಗಿನ್ ಆದವರಿಗೆ, ಆಗದವರಿಗೆ ಎಂಬ ಆಯ್ಕೆ ಬರುತ್ತದೆ. ‘ಲಾಗಿನ್ ಆದವರಿಗೆ’ ಆರಿಸಿದರೆ ಪಾತ್ರಗಳನ್ನೂ ಟಿಕ್ ಮಾಡಬಹುದು. ಆದರೆ ಇದು ಅಡಗಿಸುವುದು ಕೊಂಡಿಯನ್ನು ಮಾತ್ರ, ಪುಟವನ್ನಲ್ಲ. ವಿಳಾಸ ಗೊತ್ತಿದ್ದವರು ನೇರ ಹೋಗಿ ಓದಬಹುದು. ಪುಟಕ್ಕೆ ಬೇರೆ ಬೀಗ ಹಾಕಲೇಬೇಕು. ಪೇಜ್ ಕ್ಯಾಶ್ (ತಯಾರಾದ ಪುಟವನ್ನು ಉಳಿಸಿಟ್ಟು ಮತ್ತೆ ಮತ್ತೆ ಕೊಡುವ ವ್ಯವಸ್ಥೆ) ಇದ್ದರೆ, ಲಾಗಿನ್ ಆದವರಿಗೆ ಕ್ಯಾಶ್ ಆದ ಪುಟ ಹೋಗದಂತೆ ಸೆಟ್ಟಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಒಬ್ಬ ಸದಸ್ಯರಿಗೆ ತಯಾರಾದ ಮೆನು ಎಲ್ಲರಿಗೂ ಕಂಡುಬಿಡುತ್ತದೆ. ಮೆನು ಉಳಿಸಿದ ಪ್ರತಿ ಸಲವೂ ಕ್ಯಾಶ್ ತೊಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ‘ಬದಲಾಯಿಸಿದರೂ ಹಳೆಯದೇ ಕಾಣುತ್ತಿದೆ’ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಅದೇ.

ಮೆನು ಸಾಲಿಗೆ ಹೊಸ ಆಯ್ಕೆ ಸೇರಿಸುವ ಪ್ಲಗಿನ್ ಎರಡಿದ್ದು, ಒಂದರ ಆಯ್ಕೆಗಳು ಮಾತ್ರ ಕಾಣುತ್ತಿದ್ದರೆ ಅವುಗಳಲ್ಲೊಂದು ಹಳತು ಎಂದುಕೊಳ್ಳಿ. 2020ರ 5.4ಕ್ಕೆ ಮೊದಲು ಇದಕ್ಕೆಂದು ಪ್ರತ್ಯೇಕ ಹುಕ್ ಇರಲಿಲ್ಲ. ಪ್ಲಗಿನ್ನುಗಳು ಆ ಪರದೆ ಬರೆಯುವ ‘ವಾಕರ್’ ಎಂಬ ಕೋಡನ್ನೇ ಎತ್ತಿ ತಮ್ಮದನ್ನು ಇಡುತ್ತಿದ್ದವು. ಎರಡು ಪ್ಲಗಿನ್ ಹಾಗೆ ಮಾಡಿದರೆ ಕೊನೆಗೆ ಇಟ್ಟದ್ದೇ ಉಳಿಯುತ್ತದೆ.

ಎರಡು ಮೂರುಗೆರೆ ಬಟನ್ ಬಂದದ್ದೂ ಇಂಥದೇ ಜಗಳ. ಮೆಗಾ ಮೆನು ಪ್ಲಗಿನ್ ಪಟ್ಟಿಯ ಜಾಗದಲ್ಲಿ ತನ್ನ ಎಚ್‌ಟಿಎಂಎಲ್ ಇಡುತ್ತದೆ, ಅದರಲ್ಲೇ ಅದರ ಬಟನ್ ಇರುತ್ತದೆ. ಥೀಮಿನ ಬಟನ್ ಪಟ್ಟಿಯ ಹೊರಗೆ, ಹೆಡರ್ ಕಡತದಲ್ಲಿದೆ. ಅದನ್ನು ಪ್ಲಗಿನ್ ಮುಟ್ಟುವುದಿಲ್ಲ. ಬ್ರೌಸರಿನ ಇನ್‌ಸ್ಪೆಕ್ಟರಿನಲ್ಲಿ ಥೀಮಿನ ಬಟನ್ನಿನ ಕ್ಲಾಸ್ ನೋಡಿ (ಬಹಳ ಥೀಮುಗಳಲ್ಲಿ ಅದು ‘ಮೆನು-ಟಾಗಲ್’) ಡಿಸ್‌ಪ್ಲೇ ನನ್ ಕೊಟ್ಟರೆ ಮುಗಿಯಿತು. ಪ್ಲಗಿನ್ನಿನ ಬಟನ್ ಅಡಗಿಸಿದರೆ ಕೆಲಸ ಕೆಡುತ್ತದೆ, ಉಳಿದ ಬಟನ್ ಒತ್ತಿದಾಗ ತೆರೆಯಬೇಕಾದ ಥೀಮಿನ ಪಟ್ಟಿ ಅಲ್ಲಿರುವುದಿಲ್ಲ. ಆರು ವಿಭಾಗ, ಮೂವತ್ತು ಚಿಲ್ಲರೆ ಸಾಲಿಗೆ ಮೆಗಾ ಮೆನು ಬೇಡವೆಂದೇ ನನ್ನ ಸಲಹೆ. ಚಿತ್ರ, ಕಾಲಮ್ಮು, ವಿಜೆಟ್ಟುಗಳನ್ನು ಮೆನುವಿನೊಳಗೆ ಇಡಬೇಕಾದಾಗ ಅದು ಉಪಯುಕ್ತ.

ಉತ್ತರ 4

ಕನ್ನಡ ಹೆಸರುಗಳ ಬಗ್ಗೆ ಯಾರೂ ಹೇಳಲಿಲ್ಲ. ಒತ್ತಕ್ಷರ ಕತ್ತರಿಸುವುದಕ್ಕೆ ಕಾರಣ ಮೆನು ಸಾಲಿಗೆ ಕೊಟ್ಟ ನಿಗದಿತ ಎತ್ತರ, ಲೈನ್-ಹೈಟ್ 1 ಅಥವಾ 1.2, ಮೇಲೆ ಓವರ್‌ಫ್ಲೋ ಹಿಡನ್. ಇಂಗ್ಲಿಷಿಗೆ ಅಷ್ಟು ಸಾಕು, ‘ಸಾಹಿತ್ಯ’ದ ಯ ಒತ್ತು, ‘ಶಾಸ್ತ್ರ’ದ ತ್ರ ಕೆಳಗಿಳಿಯುತ್ತವೆ. ಎತ್ತರವನ್ನು ಆಟೊ ಮಾಡಿ, ಲೈನ್-ಹೈಟ್ 1.7 ಕೊಡಿ, ಜಾಗ ಬೇಕಾದರೆ ಮೇಲೆ ಕೆಳಗೆ ಪ್ಯಾಡಿಂಗ್ ಹಾಕಿ. ಲೆಟರ್-ಸ್ಪೇಸಿಂಗ್ ಸೊನ್ನೆ ಇರಲಿ, ಕನ್ನಡದಲ್ಲಿ ಅದು ಪದವನ್ನು ಬಿಡಿ ಅಕ್ಷರಗಳಾಗಿ ಚೆದುರಿಸುತ್ತದೆ.

ನ್ಯಾವಿಗೇಷನ್ ಬ್ಲಾಕಿಗೇ ಮರಳಬೇಕೆಂದು ಮನಸ್ಸಾದರೆ ಇದನ್ನೂ ನೋಡಿ: ಅದರ ಮೊಬೈಲ್ ರೂಪ 600 ಪಿಕ್ಸೆಲಿಗೆ ಗಟ್ಟಿಯಾಗಿ ಕಟ್ಟಿದೆ. ಆರು ಉದ್ದ ಕನ್ನಡ ಹೆಸರು 700-800 ಪಿಕ್ಸೆಲಿನ ಟ್ಯಾಬ್ಲೆಟ್ಟಿನಲ್ಲಿ ಒಂದು ಸಾಲಿಗೆ ಹಿಡಿಸುವುದು ಕಷ್ಟ, ಎರಡು ಸಾಲಾಗಿ ಒಡೆಯುತ್ತವೆ. ಮೆನು ಸಾಲಿನ ಹೆಸರು ವಿಭಾಗದ ಹೆಸರೇ ಆಗಿರಬೇಕಿಲ್ಲ, ‘ನ್ಯಾವಿಗೇಷನ್ ಲೇಬಲ್’ನಲ್ಲಿ ಚಿಕ್ಕದು ಮಾಡಿ.

ಇನ್ನೊಂದು, ಮೆನು ಕಟ್ಟುವ ಮೊದಲೇ ವಿಭಾಗಗಳ ಸ್ಲಗ್ (ವಿಳಾಸದಲ್ಲಿ ಬರುವ ಹೆಸರು) ನೋಡಿಕೊಳ್ಳಿ. ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ (ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ವಿರಾಮ ಎಲ್ಲ ಬೇರೆ ಬೇರೆ) ಮೂರು ಬೈಟ್, ಎನ್‌ಕೋಡ್ ಆದಾಗ ಒಂಬತ್ತು ಅಕ್ಷರ. ಸ್ಲಗ್‌ಗೆ ಇರುವ ಜಾಗ 200. ‘ವಿಜ್ಞಾನ ಮತ್ತು ತಂತ್ರಜ್ಞಾನ’ ಎಣಿಸಿ ನೋಡಿ: 7, 5, 10, ಒಟ್ಟು 22 ಸಂಕೇತ. 198 ಅಕ್ಷರ, ಎರಡು ಅಡ್ಡಗೆರೆ, ಸರಿಯಾಗಿ 200. ಅದರ ಕೊನೆಗೆ ‘ಸುದ್ದಿ’ ಎಂದು ಸೇರಿಸಿದರೆ ಆ ಪದ ಸ್ಲಗ್‌ನಲ್ಲಿ ಬರುವುದೇ ಇಲ್ಲ. ಹೆಸರನ್ನು ಕನ್ನಡದಲ್ಲೇ ಇಟ್ಟು, ಸ್ಲಗ್ಗನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಕೈಯಿಂದ ಬರೆಯಿರಿ.

ಆಮೇಲೆ ಸ್ಲಗ್ ಬದಲಿಸಿದರೆ ಮೆನು ಕೆಡುವುದೇ ಎಂಬ ಭಯ ಬೇಡ. ವಿಭಾಗ, ಪುಟಗಳನ್ನು ಎಡಗಡೆಯ ಪಟ್ಟಿಯಿಂದ ಟಿಕ್ ಹಾಕಿ ಸೇರಿಸಿದ್ದರೆ ಮೆನು ನೆನಪಿಡುವುದು ಅವುಗಳ ಐಡಿಯನ್ನು, ವಿಳಾಸ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ‘ಕಸ್ಟಮ್ ಲಿಂಕ್’ ಆಗಿ ಅಂಟಿಸಿದ್ದರೆ ಉಳಿಯುವುದು ಆ ಅಕ್ಷರಗಳು ಮಾತ್ರ. ಡೊಮೇನ್ ಬದಲಾದರೂ, ಸ್ಲಗ್ ಬದಲಾದರೂ ಅದು ಹಳೆಯ ಕಡೆಗೇ ಕೈ ತೋರಿಸುತ್ತಿರುತ್ತದೆ. ಹೊರಗಿನ ತಾಣಗಳಲ್ಲಿರುವ ಕೊಂಡಿಗಳ ಕಥೆ ಬೇರೆ. ಬರಹದ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುತ್ತದೆ, ವಿಭಾಗದ ಸ್ಲಗ್‌ಗೆ ಹಾಗೆ ಮಾಡುವುದಿಲ್ಲ. ಬ್ಲಾಗು ಹಳೆಯದಾಗಿದ್ದರೆ ರೀಡೈರೆಕ್ಟ್ ಹಾಕಿ, ಆಮೇಲೆ ಸ್ಲಗ್ ಮುಟ್ಟಿ.

ಪ್ರಶ್ನೆ ಕೇಳಿದವರು

‘ಎಕೋ’ ಸರಿಪಡಿಸಿದ ಮೇಲೆ ಮೆನು ಲಾಂಛನದ ಕೆಳಗೆ ಬಂತು. ಉಪಮೆನುಗಳು ಟ್ಯಾಬ್ ಕೀಗೂ ತೆರೆಯುತ್ತಿವೆ. ಎರಡು ವಿಭಾಗಗಳನ್ನು ಕಸ್ಟಮ್ ಲಿಂಕ್ ಆಗಿ ಹಾಕಿದ್ದೆ, ತೆಗೆದು ಪಟ್ಟಿಯಿಂದ ಮತ್ತೆ ಸೇರಿಸಿದ್ದೇನೆ. ಸ್ಲಗ್‌ಗಳಿಗೆ ಕೈ ಹಾಕುವ ಮೊದಲು ಹಳೆಯ ವಿಳಾಸಗಳ ಪಟ್ಟಿ ಮಾಡಿಕೊಳ್ಳುತ್ತಿದ್ದೇನೆ.