ಬರ್ಮಾ ತೊಗರಿ, ಮೊಜಾಂಬಿಕ್ ತೊಗರಿ: ಈ ಎರಡು ದೇಶಗಳನ್ನು ಹೇಗೆ ಹೋಲಿಸೋದು?

ಸೇಡಂ ಹುಡುಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಸೆಮಿನಾರಿಗೆ ಎರಡು ದೂರದ ದೇಶಗಳ ವ್ಯಾಪಾರ ಹೋಲಿಸಿ ಬರೆಯಬೇಕು. ನಮ್ಮಪ್ಪ ಗಂಜ್‌ಗೆ (ಕಾಳು ಮಾರುವ ಮಾರುಕಟ್ಟೆಗೆ) ಹೋಗಿ ಬಂದಾಗಲೆಲ್ಲ "ಬರ್ಮಾ ಮಾಲು ಬಂತು, ಆಫ್ರಿಕಾ ಮಾಲು ಬಂತು, ರೇಟ್ ಬಿತ್ತು" ಅಂತ ಬೈಯುತ್ತಾರೆ. ಅದಕ್ಕೇ ಮ್ಯಾನ್ಮಾರ್ (ಅದೇ ಬರ್ಮಾ), ಮೊಜಾಂಬಿಕ್ ಆರಿಸಿಕೊಂಡೆ. ಈಗ ಸಿಕ್ಕಿಬಿದ್ದಿದ್ದೇನೆ. ಎರಡೂ ವಿಶ್ವಸಂಸ್ಥೆಯ ಕಡುಬಡ ದೇಶಗಳ ಪಟ್ಟಿಯಲ್ಲಿವೆ. ಎರಡಕ್ಕೂ ಸಮುದ್ರದಲ್ಲಿ ಗ್ಯಾಸ್ ಇದೆ. ಎರಡರಲ್ಲೂ ಒಳಜಗಳ. ಎರಡೂ ನಮಗೆ ತೊಗರಿ ಮಾರುತ್ತವೆ. ಫರಕು ಏನು ಅಂತ ಬರೆಯಲಿ?

ಎರಿ ಹೊಲ

ಫರಕು ಏನಿಲ್ಲ ತಂಗಿ. ಎರಡೂ ಸುಂಕ ಇಲ್ಲದೆ ಬರುತ್ತವೆ, ನಮ್ಮ ರಾಶಿ ಟೈಮಿಗೆ ನಮ್ಮ ತಲೆ ಮೇಲೆ ಕೂರುತ್ತವೆ. 2025ರ ಶುರುವಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಇತ್ತು, ಗಂಜ್‌ನಲ್ಲಿ ಅಷ್ಟೂ ಸಿಗಲಿಲ್ಲ. ಅದನ್ನೇ ಬರಿ.

ಕಪನೂರ ಮುನೀಮ

ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾ ಇಪ್ಪತ್ತೆರಡು ವರ್ಷ ಆಯ್ತು. ಎರಡೂ ದೇಶದ ಚೀಲ ಬಿಚ್ಚಿ ನೋಡಿದ್ದೇನೆ. ಬರ್ಮಾದ್ದಕ್ಕೆ ಲೆಮನ್ ಅಂತೀವಿ, ಆಫ್ರಿಕಾದ್ದರಲ್ಲಿ ಗಜರಿ, ಬಿಳಿ ಅಂತ ಎರಡು ಬಗೆ ಉಂಟು. ಆದರೆ ತಂಗಿ, ತೊಗರಿಯನ್ನು ಸ್ವಲ್ಪ ಪಕ್ಕಕ್ಕಿಡು. ಆ ದೇಶಗಳ ಒಟ್ಟು ವ್ಯಾಪಾರದಲ್ಲಿ ಅದು ಚಿಲ್ಲರೆ.

2023ರಲ್ಲಿ ಮೊಜಾಂಬಿಕ್ ರಫ್ತಿನಲ್ಲಿ ದೊಡ್ಡವು ಕಲ್ಲಿದ್ದಲು, ಅಲ್ಯೂಮಿನಿಯಂ, ಗ್ಯಾಸ್. ಅಲ್ಯೂಮಿನಿಯಂ ಕಥೆ ಕೇಳು. ರಾಜಧಾನಿ ಮಪುಟೊ ಹತ್ತಿರ ಮೊಜಾಲ್ ಅನ್ನೋ ಕಾರ್ಖಾನೆ 2000ದಲ್ಲಿ ಶುರುವಾಯಿತು. ಕಚ್ಚಾ ಪುಡಿ ಬಂದದ್ದು ಆಸ್ಟ್ರೇಲಿಯಾದಿಂದ, ಕರೆಂಟು ಬಂದದ್ದು ದಕ್ಷಿಣ ಆಫ್ರಿಕಾದ ಕಂಪನಿಯಿಂದ, ಆದ ಲೋಹ ಮತ್ತೆ ಹಡಗು ಹತ್ತಿ ಹೊರಗೆ. ರಫ್ತಿನ ಕಾಲಂನಲ್ಲಿ ಭಾರೀ ಅಂಕಿ, ದೇಶದಲ್ಲಿ ಉಳಿದದ್ದು ಕಡಿಮೆ. ಬೇರೆಯವರ ತೊಗರಿ ಬಂದು, ಬೇಳೆಯಾಗಿ ಹೋಗಿ, ಮಿಲ್‌ಗೆ ಬರೀ ಒಡೆಯೋ ಕೂಲಿ ದಕ್ಕಿದ ಹಾಗೆ.

ಮ್ಯಾನ್ಮಾರ್‌ನಲ್ಲೂ ಇಂಥದ್ದೇ ಒಂದು ಕೂಲಿ ಕೆಲಸ ಇದೆ, ಬಟ್ಟೆ ಹೊಲಿಯೋದು. ಅರಿವೆ ಹೊರಗಿನದು, ಹೊಲಿಗೆ ಮಾತ್ರ ಅವರದು. ಆದರೆ ಯಾಂಗೊನ್ ಸುತ್ತ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಮಷೀನ್ ಮುಂದೆ ಕೂತು ಸಂಬಳ ಎಣಿಸಿದ್ದಾರೆ. ನಿನ್ನ ಫರಕು ಇಲ್ಲಿದೆ ನೋಡು. ಎಷ್ಟು ಡಾಲರಿನ ರಫ್ತು ಅಂತ ಮಾತ್ರ ನೋಡಬೇಡ, ಆ ರಫ್ತಿನಿಂದ ಎಷ್ಟು ಮನೆ ಒಲೆ ಉರಿಯುತ್ತದೆ ನೋಡು.

ಗ್ಯಾಸ್ ವಿಷಯದಲ್ಲೂ ಹಾಗೇ. ಮ್ಯಾನ್ಮಾರ್‌ಗೆ ಚೀನಾ, ಥಾಯ್ಲೆಂಡ್ ಬಗಲಲ್ಲೇ ಇವೆ, ಪೈಪ್ ಹಾಕಿ ಮಾರುತ್ತದೆ. ಮೊಜಾಂಬಿಕ್ ಗ್ಯಾಸನ್ನು ತಣ್ಣಗೆ ಮಾಡಿ ದ್ರವವಾಗಿಸಿ ಹಡಗಿಗೆ ತುಂಬಬೇಕು. ಅಂಥ ಮೊದಲ ಹಡಗು ಹೊರಟದ್ದು 2022ರಲ್ಲಿ. ದಡದ ಮೇಲಿನ ದೊಡ್ಡ ಯೋಜನೆ 2021ರಲ್ಲಿ ಪಾಲ್ಮಾ ಊರಿನ ಮೇಲೆ ದಾಳಿಯಾದಾಗ ನಿಂತು, ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಅದರಲ್ಲಿ ನಮ್ಮ ಸರ್ಕಾರಿ ತೈಲ ಕಂಪನಿಗಳದೂ 30% ಪಾಲಿದೆ. ಇದು ಗಂಜ್‌ನಲ್ಲಿ ಯಾರಿಗೂ ಗೊತ್ತಿಲ್ಲ, ಬಿಡು.

ಮ್ಯಾನ್ಮಾರ್‌ಗೆ ಪೆಟ್ಟು ಬಿದ್ದದ್ದು 2021ರ ಫೆಬ್ರವರಿ 1ಕ್ಕೆ, ಸೈನ್ಯ ಅಧಿಕಾರ ಹಿಡಿದಾಗ. ಮರುವರ್ಷ ಆಗಸ್ಟಿನಲ್ಲಿ ಡಾಲರಿಗೆ 2,100 ಕ್ಯಾಟ್ ಅಂತ ಸರ್ಕಾರಿ ರೇಟು ಕಟ್ಟಿದರು. ಹೊರಗಿನ ಬಜಾರಿನಲ್ಲಿ ಡಾಲರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ರಫ್ತು ಮಾಡುವವನು ಗಳಿಸಿದ ಡಾಲರಿನಲ್ಲಿ ಒಂದು ಪಾಲನ್ನು ಸರ್ಕಾರಿ ರೇಟಿಗೇ ಬಿಟ್ಟುಕೊಡಬೇಕು. ಆ ನಷ್ಟವನ್ನು ಅವನು ಯಾರ ಮೇಲೆ ಹಾಕುತ್ತಾನೆ ಹೇಳು? ತನ್ನ ರೈತನ ಮೇಲೆ.

ಈಗ ತೊಗರಿಗೆ ಬರೋಣ. 2015ರಲ್ಲಿ ಇಲ್ಲಿ ಬೇಳೆ ಕಿಲೋ 200 ರೂಪಾಯಿ ಮುಟ್ಟಿತ್ತು. 2016ರಲ್ಲಿ ದೆಹಲಿ ಸರ್ಕಾರ ಮೊಜಾಂಬಿಕ್‌ನಿಂದ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತು. ಅಲ್ಲಿಯವರು ಬಿತ್ತಿದರು. ಅದೇ ವರ್ಷ ನಮ್ಮಲ್ಲೂ ಬಂಪರ್ ಬೆಳೆ. ಬೆಂಬಲ ಬೆಲೆ 5,050 ಇದ್ದರೂ ಗಂಜ್‌ನಲ್ಲಿ ಕೇಳುವವರಿಲ್ಲ. 2017ರ ಆಗಸ್ಟಿನಲ್ಲಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಬಿತ್ತು. ಎರಡೂ ದೇಶಗಳಲ್ಲಿ ಬೆಲೆ ಕುಸಿಯಿತು, ಯಾಕಂದರೆ ಅವರು ಬೆಳೆಯೋದೇ ನಮಗೋಸ್ಕರ. ಮೊಜಾಂಬಿಕ್ ಕೈಯಲ್ಲಿ ಒಪ್ಪಂದದ ಕಾಗದವಾದರೂ ಇತ್ತು. ಮ್ಯಾನ್ಮಾರ್‌ಗೆ ಅಂಥ ಕಾಗದ ಸಿಕ್ಕಿದ್ದು 2021ರಲ್ಲಿ: ವರ್ಷಕ್ಕೆ 1 ಲಕ್ಷ ಟನ್ ತೊಗರಿ, 2.5 ಲಕ್ಷ ಟನ್ ಉದ್ದು.

ಎರಿ ಹೊಲದ ಅಣ್ಣಾರೆ, ಮೊಜಾಂಬಿಕ್ ಮಾಲು ರಾಶಿ ಟೈಮಿಗೆ ಬರಲ್ಲ. ಅವರ ಕೊಯ್ಲು ಆಗಸ್ಟ್ ಸುಮಾರಿಗೆ, ಇಲ್ಲಿ ಮುಟ್ಟೋದು ದೀಪಾವಳಿ ಆಚೀಚೆ. ನಮ್ಮ ಜೊತೆ ಜೊತೆಗೇ ಬರೋದು ಬರ್ಮಾದ್ದು.

ಎರಿ ಹೊಲ

ದೀಪಾವಳಿಗೆ ಬಂದು ಗೋದಾಮಿನಲ್ಲಿ ಕೂತರೆ ಸಂಕ್ರಾಂತಿಗೆ ಅದೇ ಅಲ್ವಾ ಮುನೀಮರೆ?

ಕಪನೂರ ಮುನೀಮ

ಅದು ಖರೆ. ಆದರೆ 2022ರಲ್ಲಿ ನೆಟೆ ರೋಗಕ್ಕೆ ಹೊಲ ಹೊಲವೇ ಒಣಗಿತಲ್ಲ, ಮರುವರ್ಷ ಮಿಲ್ ನಡೆದದ್ದು ಆ ಮಾಲಿನಿಂದಲೇ.

ಸೇಡಂ ಹುಡುಗಿ

ತುಂಬಾ ಥ್ಯಾಂಕ್ಸ್ ಕಾಕಾ. 2023ರ ಅಂಕಿ ಮಾತ್ರ ಹಾಕಿದರೆ ಸಾಕಾ?

ಕಪನೂರ ಮುನೀಮ

ಸಾಲದು. 2019ರದ್ದೂ ಪಕ್ಕದಲ್ಲಿಡು, ಸೈನ್ಯ ಬರೋ ಮೊದಲಿನದು ಮತ್ತು ಗ್ಯಾಸ್ ಹಡಗು ಹೊರಡೋ ಮೊದಲಿನದು. ಸ್ಯಾಂಪಲ್ ಬೇಕಿದ್ದರೆ ಮಿಲ್ ಕಡೆ ಬಾ, ಲೆಮನ್, ಗಜರಿ ಎರಡೂ ಒಂದೊಂದು ಹಿಡಿ ಕಟ್ಟಿಕೊಡುತ್ತೇನೆ. ಭಾನುವಾರ ಬರಬೇಡ, ನಾನಿರಲ್ಲ.